ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು

ಪ್ರಶ್ನೆ: ಸುಬೇದಾರ್ ಸಾರ್, ನಮಸ್ಕಾರ. ನಾನು ಶನಿವಾರಸಂತೆ ಕಡೆಯ ಹುಡುಗಿ. ನಮ್ಮಜ್ಜ ಈ ಆಷಾಢದ ಮಳೆಯಲ್ಲಿ ತೀರಿಕೊಂಡರು. 81 ವರ್ಷ ಆಗಿತ್ತು. 1963ರಲ್ಲಿ ಮಿಲಿಟರಿಗೆ ಸೇರಿ 1980ರಲ್ಲಿ ಊರಿಗೆ ಬಂದವರು. ಯುದ್ಧದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದರೆ "ಅದೆಲ್ಲ ಆಗಿ ಹೋಯ್ತು, ಕಾಫಿ ತಗೊಂಡ್ ಬಾ ಹೋಗು" ಅನ್ನುತ್ತಿದ್ದರು. ತಿಥಿ ಮುಗಿದ ಮೇಲೆ ಟ್ರಂಕು ತೆಗೆದೆವು. ಡಿಸ್ಚಾರ್ಜ್ ಪುಸ್ತಕ ಇತ್ತು. ಅದರಲ್ಲಿ ಎಂಇಜಿ, ಸ್ಯಾಪರ್ ಅಂತಿದೆ. ನಕ್ಷತ್ರದ ಹಾಗಿರುವ ಒಂದು ಪದಕ, ದುಂಡಗಿನದು ಇನ್ನೊಂದು. ಜೊತೆಗೆ ಗೇಣುದ್ದದ, ಚೂಪು ಮಾಡಿದ ಕಬ್ಬಿಣದ ಸರಳು. ಇದನ್ನು ಅವರು ತೋಟಕ್ಕೂ ಒಯ್ಯುತ್ತಿದ್ದರು. ಗಿಡ ನೆಡುವ ಮುಂಚೆ ಮಣ್ಣಿಗೆ ಓರೆಯಾಗಿ ಚುಚ್ಚಿ ನೋಡುತ್ತಿದ್ದರು. ನಾವು ನೇರ ಚುಚ್ಚಿದರೆ ಬೈಯುತ್ತಿದ್ದರು. ಅಜ್ಜ ಯುದ್ಧಕ್ಕೆ ಹೋಗಿದ್ದರಾ ಅಂತ ಹೇಗೆ ತಿಳಿಯೋದು? ದೇಹದ ಮೇಲೆ ಬಾವುಟ ಹೊದಿಸಬೇಕು ಅಂತ ಊರಿನ ಹುಡುಗರು ಹಟ ಹಿಡಿದರು, ದೊಡ್ಡಪ್ಪ ಬೇಡ ಅಂದರು. ಅದು ಇನ್ನೂ ಮನೆಯಲ್ಲಿ ಮನಸ್ತಾಪವಾಗಿಯೇ ಇದೆ. ಅಜ್ಜಿಯ ಪಿಂಚಣಿಗೆ ಏನು ಮಾಡಬೇಕು, ಅದನ್ನೂ ತಿಳಿಸಿ.

ಉತ್ತರ: ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆ ಸರಳಿನ ಮಾತು ಬಂದಲ್ಲಿ ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಜಗಲಿಯಲ್ಲಿ ಕೂತೆ.

ನಾನೂ ಸ್ಯಾಪರ್ ಆಗಿದ್ದವನೇ. ಎಂಇಜಿ ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲೇ ಅದರ ಸೆಂಟರ್. ನಮ್ಮನ್ನೆಲ್ಲ 'ತಂಬಿ' ಅಂತ ಕರೆಯುತ್ತಾರೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ನೆಲದಲ್ಲಿ ಹುಗಿದಿಟ್ಟ ಸಿಡಿಮದ್ದು, ಅಂದರೆ ಮೈನ್ ತೆಗೆಯುವುದು ನಮ್ಮ ಕೆಲಸ. ನಾನು ಸೇರಿದ್ದು 1974ರಲ್ಲಿ. ನಮಗೆ ಮೈನ್ ತೆಗೆಯುವುದನ್ನು ಕಲಿಸಿದ ಹವಾಲ್ದಾರರು 1971ರ ಪಾಕಿಸ್ತಾನದ ಯುದ್ಧ ನೋಡಿ ಬಂದವರು. ಹೊಟ್ಟೆಯ ಮೇಲೆ ಮಲಗಿಸುತ್ತಿದ್ದರು. ಕೈಯಲ್ಲಿ ಒಂದು ಚೂಪು ಸರಳು. ಅದನ್ನು ಮಣ್ಣಿಗೆ ಓರೆಯಾಗಿ, ಮೆಲ್ಲಗೆ, ಬೆರಳಿನಷ್ಟು ದೂರಕ್ಕೊಂದು ಸಲ ಚುಚ್ಚುತ್ತಾ ಹೋಗಬೇಕು. ಮೈನಿನ ತಲೆಯ ಮೇಲೆ ಒತ್ತಡ ಬಿದ್ದರೆ ಸಿಡಿಯುತ್ತದೆ. ಓರೆಯಾಗಿ ಹೋದರೆ ಸರಳು ಅದರ ಪಕ್ಕಕ್ಕೆ ತಾಗುತ್ತದೆ. 'ಟಕ್' ಅಂತ ತಾಗಿದ್ದು ಕಿವಿಗಿಂತ ಮುಂಚೆ ಕೈಗೆ ಗೊತ್ತಾಗಬೇಕು. ನೇರ ಚುಚ್ಚಿದವನಿಗೆ ಹವಾಲ್ದಾರರು ಬೆನ್ನ ಮೇಲೆ ಒಂದು ಕೊಡುತ್ತಿದ್ದರು. ನಿಮ್ಮಜ್ಜ ನಿಮಗೆ ಬೈದದ್ದು ಅದೇ ಬೈಗುಳ, ಅಲ್ವಾ?

ಗಿಡ ನೆಡುವ ಮಣ್ಣನ್ನು ಯಾರೂ ಹಾಗೆ ಚುಚ್ಚುವುದಿಲ್ಲ. ಅದು ಕೈಗೆ ಅಂಟಿದ ಅಭ್ಯಾಸ. ಬಾಯಿಂದ ಒಂದು ಮಾತೂ ಆಡಲಿಲ್ಲ ಅಂತೀಯಲ್ಲ, ತೋಟಕ್ಕೆ ಹೋದಾಗಲೆಲ್ಲ ಅವರ ಕೈ ಆಡುತ್ತಿತ್ತು ಅಂತ ನನಗನ್ನಿಸುತ್ತದೆ.

ಇನ್ನು ಯುದ್ಧದ ವಿಷಯ. ಆ ನಕ್ಷತ್ರದ ಪದಕವನ್ನು ಬೆಳಕಿಗೆ ಹಿಡಿದು ಓದು. 'ಪೂರ್ವಿ ಸ್ಟಾರ್' ಅಂತಿದ್ದರೆ 1971ರಲ್ಲಿ ಪೂರ್ವದ ಕಡೆ, ಅಂದರೆ ಇವತ್ತಿನ ಬಾಂಗ್ಲಾದೇಶದ ಕಡೆಯ ಯುದ್ಧರಂಗದಲ್ಲಿದ್ದರು. 'ಪಶ್ಚಿಮಿ ಸ್ಟಾರ್' ಅಂತಿದ್ದರೆ ಪಂಜಾಬ್, ರಾಜಸ್ಥಾನ, ಕಾಶ್ಮೀರದ ಕಡೆ. ಇವೆರಡರಲ್ಲಿ ಯಾವುದನ್ನೂ ಮನೆಯಲ್ಲಿ ಕೂತವರಿಗೆ ಕೊಡುವುದಿಲ್ಲ. 'ಸಮರ ಸೇವಾ ಸ್ಟಾರ್' ಅಂತಿದ್ದರೆ ಅದು 1965ರ ಯುದ್ಧದ್ದು. ದುಂಡಗಿನದು ಬಹುಶಃ ಸಂಗ್ರಾಮ್ ಮೆಡಲ್. ಅದು 71ರಲ್ಲಿ ಸೇವೆಯಲ್ಲಿದ್ದ ಹೆಚ್ಚಿನವರಿಗೆ ಬಂತು. ನಕ್ಷತ್ರ ಎಲ್ಲರಿಗೂ ಬರಲಿಲ್ಲ.

ಪೂರ್ವದ ಕಡೆ ಹೋಗಿದ್ದರೆ ಅವರ ಮುಂದಿದ್ದದ್ದು ನೀರು. ನದಿ, ಹಳ್ಳ, ಕೆಸರು ಗದ್ದೆ. ಪಾಕಿಸ್ತಾನದ ಸೈನ್ಯ ಹಿಂದೆ ಸರಿಯುವಾಗ ಸೇತುವೆ ಉರುಳಿಸಿಟ್ಟು, ದಾರಿಯಲ್ಲಿ ಮೈನ್ ಹುಗಿದು ಹೋಗುತ್ತಿತ್ತು. ಟ್ಯಾಂಕು, ಲಾರಿ ಮುಂದೆ ಹೋಗಬೇಕು ಅಂದರೆ ಮೊದಲು ಸ್ಯಾಪರ್ ಹೋಗಬೇಕು. ಯುದ್ಧ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಢಾಕಾದಲ್ಲಿ ಮುಗಿಯಿತು. 13 ದಿನ. ಸುಮಾರು 93,000 ಮಂದಿ ಶರಣಾದರು. ಚಿತ್ರಗಳಲ್ಲಿ ಸಹಿ ಹಾಕುವ ಮೇಜು ಕಾಣುತ್ತದೆ. ಅಲ್ಲಿಗೆ ದಾರಿ ಮಾಡಿಕೊಟ್ಟವರು ಕಾಣುವುದಿಲ್ಲ.

ನಮ್ಮ ಕೊಡಗಿನಲ್ಲಿ ಕಾರ್ಯಪ್ಪನವರು, ತಿಮ್ಮಯ್ಯನವರು ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು, ಗೊತ್ತಿರಬೇಕು ಕೂಡ. ತಿಮ್ಮಯ್ಯನವರು ಬೆಳೆದ ಮಡಿಕೇರಿಯ ಸನ್ನಿ ಸೈಡ್ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಹೋಗಿ ನೋಡಿ ಬಾ. ಅಲ್ಲಿ ನಿಂತಾಗ ನಿಮ್ಮಜ್ಜನನ್ನೂ ನೆನೆಸಿಕೊ. ಸ್ಯಾಪರ್‌ಗೆ ಪ್ರತಿಮೆ ಇಲ್ಲ, ಟ್ರಂಕು ಇದೆ.

ಬಾವುಟದ ವಿಷಯದಲ್ಲಿ ನಿಮ್ಮ ದೊಡ್ಡಪ್ಪನ ಮಾತು ಸರಿ. ಅವರನ್ನು ಬೈಯಬೇಡಿ. ರಾಷ್ಟ್ರಧ್ವಜವನ್ನು ಶವದ ಮೇಲೆ ಹೊದಿಸುವುದು ಸರ್ಕಾರಿ ಗೌರವದ ಅಂತ್ಯಕ್ರಿಯೆಗೆ, ಸೇನೆ ಮತ್ತು ಅರೆಸೇನಾ ಪಡೆಯವರು ನಡೆಸುವ ಅಂತ್ಯಕ್ರಿಯೆಗೆ ಮಾತ್ರ. ಉಳಿದ ಕಡೆ ಹೊದಿಸಿದರೆ 1971ರ ರಾಷ್ಟ್ರಗೌರವ ಕಾಯಿದೆಯ ಪ್ರಕಾರ ಅದು ಅವಮಾನ ಮಾಡಿದ ಹಾಗೆ. ಹೊದಿಸಿದಲ್ಲೂ ಚಿತೆಗೆ ಹೋಗುವ ಮುಂಚೆ ತೆಗೆಯಲೇಬೇಕು, ಬಾವುಟ ಸುಡಬಾರದು. ಆ ಹುಡುಗರ ಮನಸ್ಸು ದೊಡ್ಡದು, ಅವರಿಗೂ ಇದನ್ನು ಸಮಾಧಾನವಾಗಿ ಹೇಳು. ಬರುವ ಡಿಸೆಂಬರ್ 16ಕ್ಕೆ ಅಜ್ಜನ ಫೋಟೋಕ್ಕೆ ಒಂದು ಹಾರ ಹಾಕಿ, ಊರಿನ ಮಾಜಿ ಸೈನಿಕರನ್ನು ಕರೆಯಿರಿ. ಬರುತ್ತಾರೆ. ನಿಂತು ಸಲ್ಯೂಟ್ ಹೊಡೆಯುತ್ತಾರೆ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಪಿಂಚಣಿಗೆ ತಡ ಮಾಡಬೇಡ. ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆಸಿಕೊ. ಅದರ ಜೊತೆ ಡಿಸ್ಚಾರ್ಜ್ ಪುಸ್ತಕ, ಪಿಪಿಒ (ಪಿಂಚಣಿ ಆದೇಶದ ಕಾಗದ), ಅಜ್ಜಿಯ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಗೆ ಹೋಗು. ಸ್ಪರ್ಶ್‌ನಲ್ಲಿ (ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ) ಸಾವನ್ನು ತಿಳಿಸುವುದು, ಅರ್ಜಿ ಹಾಕುವುದು ಹೇಗೆ ಅಂತ ಅಲ್ಲಿ ಹೇಳಿಕೊಡುತ್ತಾರೆ. ಅದಕ್ಕೂ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡು. ಡಿಸ್ಚಾರ್ಜ್ ಪುಸ್ತಕದಲ್ಲಿ ಅಜ್ಜಿಯ ಹೆಸರು, ಹುಟ್ಟಿದ ದಿನ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ, ಪಕ್ಕದಲ್ಲಿಟ್ಟು ನೋಡು. ಹಳ್ಳಿಯ ಹೆಂಗಸರದ್ದು ಇಲ್ಲೇ ಎಡವುವುದು. ಒಂದರಲ್ಲಿ 'ಗೌರಿ', ಇನ್ನೊಂದರಲ್ಲಿ 'ಗೌರಮ್ಮ'. ನನ್ನ ತಾಯಿಯ ಕಾಗದ ಹೀಗೇ ಒಂದು ಅಕ್ಷರಕ್ಕೆ ಎಂಟು ತಿಂಗಳು ನಿಂತಿತು. ವ್ಯತ್ಯಾಸ ಇದ್ದರೆ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ಎಂಇಜಿ ರೆಕಾರ್ಡ್ಸ್‌ಗೆ ಕಳಿಸಿ ತಿದ್ದಿಸಬೇಕು. ಹುಟ್ಟಿದ ದಿನ ಯಾಕೆ ಮುಖ್ಯ ಅಂದರೆ, 80 ತುಂಬಿದ ಮೇಲೆ ಕುಟುಂಬ ಪಿಂಚಣಿಗೆ ಶೇ 20 ಜಾಸ್ತಿ ಸೇರುತ್ತದೆ. ದಾಖಲೆ ಇಲ್ಲದಿದ್ದರೆ ಅದು ಸಿಗುವುದು ಕಷ್ಟ. ಅಜ್ಜಿಯ ಇಸಿಎಚ್‌ಎಸ್ ಕಾರ್ಡ್ (ಮಾಜಿ ಸೈನಿಕರ ಆರೋಗ್ಯ ಯೋಜನೆಯದು) ಇದ್ದರೆ ಜೋಪಾನವಾಗಿಡು.

ಸರಳನ್ನು ಯಾರಿಗೂ ಕೊಡಬೇಡ, ಗುಜರಿಗೂ ಹಾಕಬೇಡ. ಅದರ ತುಕ್ಕಿಗೆ ಸ್ವಲ್ಪ ಎಣ್ಣೆ ಸವರಿಡು. ಪದಕಗಳಿಗೆ ಮಾತ್ರ ಬ್ರಾಸೋ ಹಾಕಿ ಉಜ್ಜಬೇಡ. ಅವುಗಳ ಮೇಲೆ ಸಣ್ಣ ಅಕ್ಷರದಲ್ಲಿ ನಿಮ್ಮಜ್ಜನ ನಂಬರು, ಹೆಸರು ಕೊರೆದಿರುತ್ತಾರೆ. ಉಜ್ಜಿದರೆ ಅಳಿಸಿ ಹೋಗುತ್ತದೆ. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟು ಓದು, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊ. ಓದಿದ್ದನ್ನು ನನಗೂ ಬರೆದು ತಿಳಿಸು.