ನಿಂಬೆರಸ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತಾ?

ಪ್ರಶ್ನೆ: ನನಗೆ 27 ವರ್ಷ. ದಿನಕ್ಕೆ ನಾಲ್ಕೈದು ಸಲ ಕಾಫಿ ಕುಡಿಯುತ್ತೇನೆ, ಹಲ್ಲು ಹಳದಿಯಾಗಿದೆ. ಇನ್ನೆರಡು ತಿಂಗಳಿಗೆ ಮದುವೆ. ವಿಡಿಯೊ ನೋಡಿ ಹತ್ತು ದಿನದಿಂದ ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಉಜ್ಜುತ್ತಿದ್ದೇನೆ. ಮೊದಲೆರಡು ದಿನ ಹೊಳಪು ಬಂದಂತಿತ್ತು. ಈಗ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಮುಂದುವರಿಸಲೇ, ಅಥವಾ ಇದ್ದಿಲ ಪುಡಿಗೆ ಬದಲಾಯಿಸಲೇ?

ಉತ್ತರ: ಇವತ್ತೇ ನಿಲ್ಲಿಸಿ. ಇದ್ದಿಲಿನ ಕಡೆಗೂ ಹೋಗಬೇಡಿ.

ಹಲ್ಲಿನ ಹೊರಪದರ ಎನಾಮಲ್. ಬಾಯಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದು ಕರಗಲು ಶುರುವಾಗುತ್ತದೆ. ನಿಂಬೆರಸದ್ದು 2ರ ಆಸುಪಾಸು! ಕಲೆ ಹೋಯಿತು ಅಂದುಕೊಂಡಿರಿ, ಆದರೆ ಕಲೆ ಕೂತಿದ್ದ ಪದರವೂ ಅದರ ಜೊತೆಗೇ ಹೋಗುತ್ತಿತ್ತು. ಎನಾಮಲ್‌ನ ಒಳಗಿರುವ ಡೆಂಟಿನ್ ಹುಟ್ಟಿನಿಂದಲೇ ಹಳದಿ. ಮೇಲಿನದು ತೆಳುವಾದಷ್ಟೂ ಒಳಗಿನ ಹಳದಿ ಎದ್ದು ಕಾಣುತ್ತದೆ. ಅಂದರೆ ಉಜ್ಜಿ ಉಜ್ಜಿ ಹಲ್ಲನ್ನು ಇನ್ನೂ ಹಳದಿ ಮಾಡಿಕೊಳ್ಳುತ್ತೀರಿ. ಮೆತ್ತಗಾದ ಎನಾಮಲ್ ಜೊಲ್ಲು, ಫ್ಲೋರೈಡ್‌ನಿಂದ ಸ್ವಲ್ಪ ಗಟ್ಟಿಯಾಗಬಹುದು. ಸವೆದು ಹೋದದ್ದು ಮಾತ್ರ ಮತ್ತೆ ಬೆಳೆಯುವುದಿಲ್ಲ.

ಸೋಡಾ ಬೆರೆಸಿದಾಗ ಬುರುಬುರು ನೊರೆ ಬರುತ್ತದೆ ಅಲ್ವಾ, ಅದು ಬರೀ ಇಂಗಾಲದ ಡೈಆಕ್ಸೈಡ್. ನೋಡಲು ಚೆಂದ, ಹಲ್ಲಿಗೆ ಪ್ರಯೋಜನವಿಲ್ಲ. ಸೋಡಾ ಹುಳಿಯನ್ನು ಕೊಲ್ಲುವುದರಲ್ಲೇ ಮುಗಿದು ಹೋಗುತ್ತದೆ. ನಿಂಬೆ ಜಾಸ್ತಿಯಾದರೆ ಹುಳಿ ಉಳಿದೇ ಉಳಿಯುತ್ತದೆ.

ಪಾಪ, ಸೋಡಾದ ತಪ್ಪಿಲ್ಲ. ಅದು ಎನಾಮಲ್‌ಗಿಂತ ಮೆದು, ಹುಳಿಯೂ ಅಲ್ಲ. ಕಾಫಿ, ಚಹಾದ ಮೇಲ್ಮೈ ಕಲೆಯನ್ನು ಸ್ವಲ್ಪ ತೆಗೆಯುತ್ತದೆ. ಅಡುಗೆಮನೆಯ ವಸ್ತುಗಳಲ್ಲಿ ನಾನು ಒಪ್ಪುವುದು ಇದೊಂದನ್ನೇ. ಜುಮ್ಮೆನ್ನುವುದು ಪೂರ್ತಿ ನಿಂತ ಮೇಲೆ, ಒದ್ದೆ ಮಾಡಿದ ಮೆದು ಬ್ರಷ್‌ಗೆ ಒಂದು ಚಿಟಿಕೆ ಹಾಕಿ, ವಾರಕ್ಕೆ ಒಂದೆರಡು ಸಲ ಹಗುರವಾಗಿ ಉಜ್ಜಿ ಉಗಿಯಿರಿ. ಅದರಲ್ಲಿ ಫ್ಲೋರೈಡ್ ಇಲ್ಲ, ಹಾಗಾಗಿ ಪೇಸ್ಟ್ ಬಿಡುವಂತಿಲ್ಲ.

ಇದ್ದಿಲ ಪುಡಿ ಹಲ್ಲನ್ನು ತರಿಯುತ್ತದೆ, ಒಸಡಿನ ಸಂದಿಯಲ್ಲೂ ಸಿಕ್ಕಿಕೊಳ್ಳುತ್ತದೆ. ಉಪ್ಪಿನ ಹರಳೂ ಬೇಡ. ಸ್ಟ್ರಾಬೆರಿಯನ್ನು ಸುಮ್ನೆ ತಿನ್ನಿ, ಹಲ್ಲಿಗೆ ಬಳಿಯಬೇಡಿ.

ಈಗ ಮದುವೆ ವಿಷಯ. ಕೆಲವು ವಾರ ಪೊಟ್ಯಾಶಿಯಂ ನೈಟ್ರೇಟ್ ಇರುವ, ಜುಮ್ಮೆನ್ನುವ ಹಲ್ಲಿಗೆಂದೇ ಮಾಡಿದ ಪೇಸ್ಟ್ ಬಳಸಿ. ಕಾಫಿಯನ್ನು ಗಂಟೆಗಟ್ಟಲೆ ಗುಟುಕರಿಸದೆ ಒಂದೇ ಸಲ ಕುಡಿದು ಮುಗಿಸಿ, ನೀರಲ್ಲಿ ಬಾಯಿ ಮುಕ್ಕಳಿಸಿ. ಹುಳಿ ತಿಂದ ಮೇಲೆ ಅರ್ಧ ಗಂಟೆ ಬ್ರಷ್ ಮುಟ್ಟಬೇಡಿ. ಈ ನಡುವೆ ದಂತವೈದ್ಯರ ಹತ್ತಿರ ಒಮ್ಮೆ ಕ್ಲೀನಿಂಗ್ ಮಾಡಿಸಿ. ಒಸಡಿನ ಅಂಚಲ್ಲಿ ಉಗುರಿಗೆ ಒರಟಾಗಿ ತಾಕುವ ಹಳದಿ ಇದ್ದರೆ ಅದು ಕಿಟ್ಟ, ಮನೆಯಲ್ಲಿ ಏನು ಉಜ್ಜಿದರೂ ಬರುವುದಿಲ್ಲ. ಎಷ್ಟೋ ಜನರಿಗೆ ಕ್ಲೀನಿಂಗ್ ಒಂದೇ ಸಾಕಾಗುತ್ತದೆ. ಅದಕ್ಕೂ ಬೆಳ್ಳಗೆ ಬೇಕೆಂದರೆ, ನಿಮ್ಮ ಹಲ್ಲಿನ ಅಳತೆಗೆ ಮಾಡಿದ ಟ್ರೇಯಲ್ಲಿ ಹಾಕಿಕೊಳ್ಳುವ ಪೆರಾಕ್ಸೈಡ್ ಜೆಲ್ ಕೊಡುತ್ತಾರೆ. ಗಾಯಕ್ಕೆ ಹಚ್ಚುವ ಪೆರಾಕ್ಸೈಡ್ ಬಾಟಲಿಯಿಂದ ಮನೆಯಲ್ಲಿ ಪ್ರಯೋಗ ಬೇಡ, ಒಸಡು ಸುಟ್ಟೀತು. ಇನ್ನೊಂದು ಮಾತು: ಜೆಲ್‌ನಿಂದ ಫಿಲ್ಲಿಂಗ್, ಕ್ಯಾಪ್‌ಗಳ ಬಣ್ಣ ಬದಲಾಗುವುದಿಲ್ಲ. ಮುಂದಿನ ಹಲ್ಲಲ್ಲಿ ಅಂಥದ್ದಿದ್ದರೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ನನ್ನ ಮುಂದಿನ ಒಂದು ಹಲ್ಲು ಮಾತ್ರ ಬೂದು ಬಣ್ಣಕ್ಕೆ ತಿರುಗಿದೆ. ನೋವಿಲ್ಲ. ಸೋಡಾದಿಂದ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಚಿಕ್ಕಂದಿನಲ್ಲಿ ಬಿದ್ದು ಆ ಹಲ್ಲಿಗೆ ಪೆಟ್ಟಾಗಿತ್ತೇ, ನೆನಪಿಸಿಕೊಳ್ಳಿ. ಒಳಗಿನ ನರ ಸತ್ತರೆ ಹಲ್ಲು ಹೀಗೆ ಬೂದಾಗುತ್ತದೆ, ಎಷ್ಟೋ ವರ್ಷದ ನಂತರವೂ. ನೋವಿಲ್ಲದಿದ್ದರೂ ಬೇರಿನಲ್ಲಿ ಸೋಂಕಿರಬಹುದು. ಒಂದು ಎಕ್ಸ್‌ರೇ ತೆಗೆಸಿ. ನರದ ಚಿಕಿತ್ಸೆ (ರೂಟ್ ಕೆನಾಲ್) ಬೇಕಾದರೆ ಅದು ಮುಗಿದ ಮೇಲೆ ಹಲ್ಲಿನ ಒಳಗಿನಿಂದಲೇ ಬ್ಲೀಚ್ ಮಾಡಲು ಬರುತ್ತದೆ.