‘ನವಿರು’ ಅಂದರೆ ಏನು? ‘ತೆಳು’ವಿಗೂ ಅದಕ್ಕೂ ಏನು ವ್ಯತ್ಯಾಸ?

ಎರಡೂ ಹತ್ತಿರದ ಪದಗಳು, ಆದರೆ ಒಂದೇ ಅಲ್ಲ.

ಹಳಗನ್ನಡದಲ್ಲಿ ನವಿರು ಅಂದರೆ ಕೂದಲು, ರೋಮ. ಮೈ ಜುಮ್ಮೆಂದಾಗ ಕೈಮೇಲಿನ ಸಣ್ಣ ಕೂದಲು ಎದ್ದು ನಿಲ್ಲುತ್ತದೆ ಅಲ್ವಾ, ಅದೇ ‘ನವಿರೇಳುವುದು’. ಕೂದಲೆಳೆಯಷ್ಟು ಸೂಕ್ಷ್ಮ ಎಂಬ ಇಂದಿನ ಅರ್ಥ ಇಲ್ಲಿಂದಲೇ ಬೆಳೆದಿದೆ ಅನ್ನಿಸುತ್ತದೆ.

ತೆಳು ಅನ್ನುವುದು ಅಳತೆಯ ಮಾತು. ನಮ್ಮ ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ತೆಳು ದೋಸೆಗೆ ‘ತೆಳ್ಳವು’ ಅಂತಲೇ ಹೆಸರು. ಅದನ್ನು ‘ನವಿರಾದ ದೋಸೆ’ ಅಂದರೆ ಕಿವಿಗೆ ಹಿಡಿಸುವುದಿಲ್ಲ.

ನವಿರು ಅನುಭವದ ಮಾತು. ಅಡಿಕೆಯ ಹಿಂಗಾರವನ್ನೇ, ಅಂದರೆ ಅದರ ಹೂಗೊಂಚಲನ್ನೇ ನೋಡಿ. ಮೇಲಿನ ಹೊದಿಕೆ ಬಿಡಿಸಿದ ಕೂಡಲೇ ಕೆನೆ ಬಣ್ಣದ ಎಳೆಗಳು ಹರಡಿಕೊಳ್ಳುತ್ತವೆ. ಒಂದೊಂದರಲ್ಲೂ ಅಕ್ಕಿಕಾಳಿನಂಥ ಪುಟ್ಟ ಮೊಗ್ಗುಗಳು. ಮುಖ ಹತ್ತಿರ ತಂದರೆ ಮಾತ್ರ ಸಿಗುವ ಒಂದು ಕಂಪು. ಆ ಎಳೆಯೂ ನವಿರು, ಆ ಕಂಪೂ ನವಿರು. ಈ ಪದ ನನಗೆ ಇಷ್ಟವಾಗುವುದೇ ಇದಕ್ಕೆ: ಮುಟ್ಟಲು ಸಿಗುವುದಕ್ಕೂ ಸಿಗದಿರುವುದಕ್ಕೂ ಒಂದೇ ಮಾತು.

ಹಾಗಾಗಿ ನವಿರಾದ ಹಾಸ್ಯ, ನವಿರಾದ ಪ್ರೀತಿ, ನವಿರಾದ ಸ್ಪರ್ಶ ಎಲ್ಲವೂ ಸರಿ. ಬಣ್ಣಕ್ಕೆ ಮಾತ್ರ ‘ತಿಳಿ’ ಅಥವಾ ‘ನಸು’ ಜಾಸ್ತಿ ಹೊಂದುತ್ತದೆ: ತಿಳಿ ಹಸಿರು, ನಸುಗೆಂಪು.