ಟೂರ್‌ಗೆ ಖಂಡಿತ ಹೋಗಿ, ಮೊದಲ ಪಂದ್ಯದ ಹೊತ್ತಿಗೆ ಮಾತ್ರ ಬೇಡ

ಕ್ರಿಕೆಟ್ ಆಡುವ ಗಂಡ ಎರಡು ತಿಂಗಳ ವಿದೇಶ ಟೂರ್‌ಗೆ ಹೊರಟಿದ್ದಾರೆ, ಕೈಗೂಸು ಎತ್ತಿಕೊಂಡು ನಾನೂ ಹೋಗಲಾ, ಹೋದರೆ ಅವರ ಆಟ ಕೆಡುತ್ತಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ನನ್ನನ್ನೂ ಒಂದು ಕಾಲದಲ್ಲಿ ತುಂಬಾ ಕಾಡಿತ್ತು. ಕೊನೆಗೆ ಹೋದೆ.

ನಮ್ಮ ಯಜಮಾನರು ಆಗ ಓಪನರ್, ಅಂದರೆ ಬ್ಯಾಟಿಂಗ್ ಶುರು ಮಾಡುವವರು. ವರ್ಷಗಟ್ಟಲೆ ಕಾದ ಮೇಲೆ ಸಿಕ್ಕ ಟೂರ್ ಅದು. ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಇವರು ತಂಡದ ಜೊತೆ ಮೊದಲೇ ಹೋದರು, ಅಭ್ಯಾಸ ಪಂದ್ಯದಲ್ಲಿ ಚೆನ್ನಾಗಿಯೇ ರನ್ ಬಂತು. ಮೊದಲ ದೊಡ್ಡ ಪಂದ್ಯ ಕಣ್ಣಾರೆ ನೋಡಬೇಕು ಅಂತ ನನಗೆ ಆಸೆ. ಅದಕ್ಕೆ ಎರಡು ದಿನ ಮುಂಚೆ ಇಳಿಯುವ ಹಾಗೆ ಟಿಕೆಟ್ ಮಾಡಿಸಿದೆ. ಉಳಿದುಕೊಂಡಿದ್ದು ಇವರ ರೂಮಿನಲ್ಲೇ.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿನ ಸಮಯ ನಮಗಿಂತ ಐದು ಗಂಟೆ ಮುಂದೆ. ಮಗಳು ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಮಲಗುವವಳು. ಅಲ್ಲಿ ಅದು ನಡುರಾತ್ರಿ ಎರಡು ಗಂಟೆ! ನಿದ್ದೆಯ ಸಮಯ ಹೊಸ ಜಾಗಕ್ಕೆ ಒಗ್ಗುವುದು ನಿಧಾನ. ಸುಮಾರಾಗಿ ಒಂದು ಗಂಟೆ ವ್ಯತ್ಯಾಸಕ್ಕೆ ಒಂದು ದಿನ ಬೇಕು ಅನ್ನುತ್ತಾರೆ. ಪೂರ್ವಕ್ಕೆ ಹೋದರಂತೂ ಇನ್ನೂ ಕಷ್ಟ. ನಿದ್ದೆ ಬರುವ ಮುಂಚೆಯೇ ಮಲಗಬೇಕಾಗುತ್ತದಲ್ಲ. ಇವರು ಅಷ್ಟು ಹೊತ್ತಿಗೆ ಒಗ್ಗಿಕೊಂಡಿದ್ದರು. ನಾವಿಬ್ಬರು ಹೋಗಿ ಅದನ್ನು ಕದಡಿದೆವು. ಒಂದೇ ರೂಮಿನಲ್ಲಿ ಎರಡು ದೇಶದ ಟೈಮ್ ಓಡುತ್ತಿತ್ತು.

ಲೈಟ್ ಆರಿಸಿದರೆ ಮಗಳು ಅಳುತ್ತಾಳೆ, ಹಾಕಿದರೆ ಇವರಿಗೆ ನಿದ್ದೆ ಇಲ್ಲ. ಬಾತ್‌ರೂಮಿನಲ್ಲಿ ಟವೆಲ್ ಹಾಸಿ, ಬಾಗಿಲು ಒಂದು ಗೇಣು ತೆರೆದಿಟ್ಟು, ಅಲ್ಲೇ ಕೂರಿಸಿ ಆಡಿಸುತ್ತಿದ್ದೆ. ಅವಳು ಶಾಂಪೂ ಬಾಟಲಿ ಟೈಲ್ಸ್ ಮೇಲೆ ಕುಟ್ಟಿದರೆ ಸಾಕು, ಇವರು ಎದ್ದು ಕೂರುತ್ತಿದ್ದರು. "ನೀನು ಸ್ವಲ್ಪ ಮಲಗು, ನಾನು ಎತ್ತಿಕೊಳ್ತೀನಿ" ಅನ್ನುತ್ತಿದ್ದರು. ಪಂದ್ಯದ ಹಿಂದಿನ ರಾತ್ರಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋಟೆಲ್ ಕಾರಿಡಾರ್‌ನಲ್ಲಿ ಓಡಾಡಿದ್ದು ಇವರೇ. ಬೆಳಿಗ್ಗೆ ಅದೇ ಕೆಂಪು ಕಣ್ಣಲ್ಲಿ ಟೀಮ್ ಬಸ್ ಹತ್ತಿದರು. ಎರಡೂ ಇನ್ನಿಂಗ್ಸ್‌ನಲ್ಲಿ ಬೇಗ ಔಟ್. ಮುಂದಿನ ಪಂದ್ಯಕ್ಕೆ ಹನ್ನೊಂದರಲ್ಲಿ ಹೆಸರಿಲ್ಲ. ಆ ಜಾಗ ಇವರಿಗೆ ಮತ್ತೆ ಸಿಗಲೇ ಇಲ್ಲ.

ತಂಡದವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೂ ನನ್ನ ಕಾಲ್ಗುಣ ಅಂತ ನಾನೇ ಬಹಳ ಕಾಲ ಕೊರಗಿದೆ. ಈಗ ಹಾಗೆ ಅಂದುಕೊಳ್ಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ರೂಮು ತೆಗೆದುಕೊಂಡಿದ್ದರೆ, ಇಲ್ಲಾ ಮೊದಲ ಪಂದ್ಯ ಮುಗಿದ ಮೇಲೆ ಹೋಗಿದ್ದರೆ, ಇವರು ಆ ರಾತ್ರಿ ನೆಮ್ಮದಿಯಾಗಿ ಮಲಗಿರುತ್ತಿದ್ದರು. ಅಷ್ಟೇ ವಿಷಯ.

ಹಾಗಾಗಿ "ಅವರ ಆಟ ಕೆಡುತ್ತಾ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಂಡ ಸೋತಾಗ ಹೆಂಡತಿ ಮಕ್ಕಳ ಕಡೆ ಬೆರಳು ತೋರಿಸುವುದು ಎಲ್ಲ ಆಟದಲ್ಲೂ ಇದೆ. 2006ರ ಫುಟ್‌ಬಾಲ್ ವಿಶ್ವಕಪ್ ನೋಡಿ. ಇಂಗ್ಲೆಂಡ್ ಆಟಗಾರರ ಮನೆಯವರು ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ಉಳಿದಿದ್ದರು. ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ಎದುರು ಪೆನಾಲ್ಟಿಯಲ್ಲಿ ಸೋತಿತು, ಪತ್ರಿಕೆಗಳು ಆ ಹೆಣ್ಣುಮಕ್ಕಳನ್ನು ಹುರಿದು ಮುಕ್ಕಿದವು. 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಕೋಚ್ ಫಾಬಿಯೊ ಕಾಪೆಲೊ ಮನೆಯವರ ಭೇಟಿಗೆ ಕಟ್ಟುನಿಟ್ಟು ಮಾಡಿದರು. ಆ ಸಲ ಅದೇ ತಂಡ ಇನ್ನೂ ಒಂದು ಸುತ್ತು ಮುಂಚೆಯೇ ಜರ್ಮನಿ ಎದುರು 4-1ರಿಂದ ಸೋತು ಮನೆಗೆ ಬಂತು. ಆಗ ಯಾರನ್ನು ಬೈಯುವುದು?

ನಮ್ಮಲ್ಲೂ ಹಾಗೇ ಆಯಿತು. ಆಸ್ಟ್ರೇಲಿಯಾದಲ್ಲಿ 3-1ರಿಂದ ಸರಣಿ ಸೋತ ಬೆನ್ನಲ್ಲೇ, 2025ರ ಜನವರಿಯಲ್ಲಿ ನಮ್ಮ ಕ್ರಿಕೆಟ್ ಮಂಡಳಿ ಬಿಸಿಸಿಐ ನಿಯಮ ಬಿಗಿ ಮಾಡಿತು. 45 ದಿನಕ್ಕಿಂತ ಜಾಸ್ತಿ ದಿನದ ಟೂರ್ ಆದರೆ ಸಂಗಾತಿ ಮತ್ತು 18 ವರ್ಷದೊಳಗಿನ ಮಕ್ಕಳು ಸರಣಿಗೆ ಒಂದೇ ಸಲ, ಹೆಚ್ಚೆಂದರೆ ಎರಡು ವಾರ ಬರಬಹುದು. ಮಂಡಳಿ ಭರಿಸುವುದು ಆಟಗಾರನ ಜೊತೆ ಹಂಚಿಕೊಳ್ಳುವ ರೂಮಿನ ಖರ್ಚು, ಉಳಿದದ್ದು ಆಟಗಾರನದೇ. ನನಗೆ ಬೇಸರ ಅನಿಸುವುದು ಈ ಹಂಚಿಕೊಳ್ಳುವ ರೂಮಿನ ಬಗ್ಗೆ. ದಿನ ಎಷ್ಟು ಅಂತ ಎಣಿಸಿದವರು ಮಗು ಎಲ್ಲಿ ಮಲಗಬೇಕು ಅಂತ ಯೋಚಿಸಿಲ್ಲ. ಆಟ ಕೈಕೊಟ್ಟ ದಿನ ರೂಮಿಗೆ ಬಂದು ಒಬ್ಬನೇ ಮುಖ ಬಾಡಿಸಿಕೊಂಡು ಕೂರುವುದು ನನಗೆ ಬೇಡ ಅಂತ ವಿರಾಟ್ ಕೊಹ್ಲಿ ಆಮೇಲೆ ಹೇಳಿದರು. ನನ್ನ ಮನಸ್ಸಿನ ಮಾತೇ ಅದು.

ಸರಿಯಾಗಿ ಮಾಡಿದವರೂ ಇದ್ದಾರೆ. ಪಾಕಿಸ್ತಾನ ಮಂಡಳಿ 2021ರಲ್ಲಿ ತಂದ ನಿಯಮದ ಪ್ರಕಾರ, ಕೂಸಿರುವ ಆಟಗಾರ್ತಿ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಕರೆದೊಯ್ಯಬಹುದು, ಖರ್ಚು ಅರ್ಧ ಮಂಡಳಿಯದು. ಹಾಗೇ ಆಗಿನ ನಾಯಕಿ ಬಿಸ್ಮಾ ಮಾರೂಫ್ 2022ರ ಮಹಿಳಾ ವಿಶ್ವಕಪ್‌ಗೆ ಮಗಳನ್ನೂ ತಾಯಿಯನ್ನೂ ಕರೆದುಕೊಂಡು ನ್ಯೂಜಿಲೆಂಡ್‌ಗೆ ಹೋಗಿದ್ದರು. ಜೊತೆಗೊಬ್ಬರು ಇದ್ದರೆ ಎಲ್ಲ ಸಲೀಸು.

ನೀವು ಹೋಗಿ. ಮೊದಲ ಪಂದ್ಯ ಟಿವಿಯಲ್ಲೇ ನೋಡಿ. ಎರಡು ಪಂದ್ಯದ ನಡುವೆ ಬಿಡುವು ಜಾಸ್ತಿ ಇರುವ ವಾರ ಯಾವುದು ನೋಡಿಕೊಂಡು ಆಗ ಇಳಿಯಿರಿ. ಪಕ್ಕದ ರೂಮಿಗೆ ಕೈಯಿಂದ ದುಡ್ಡು ಹೋದರೂ ಹೋಗಲಿ. ಅಮ್ಮನೋ ಅತ್ತೆಯೋ ಬರುವ ಹಾಗಿದ್ದರೆ ಕರೆದುಕೊಂಡು ಹೋಗಿ. ಗಂಡನ ಜೊತೆ ಕಳೆಯುವ ಹೊತ್ತು ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. ಬೆಳಿಗ್ಗೆ ಬಸ್ ಹತ್ತಿದರೆ ಕತ್ತಲಾದ ಮೇಲೇ ಬರುವುದು, ಆಮೇಲೂ ಮೀಟಿಂಗ್, ಫಿಸಿಯೊ ಅಂತ ಇರುತ್ತದೆ. ಸುಮ್ನೆ ರೂಮಿನಲ್ಲಿ ಕಾಯುತ್ತಾ ಕೂರಬೇಡಿ, ನಿಮ್ಮ ದಿನ ನೀವೇ ಹಾಕಿಕೊಳ್ಳಿ.

ಇನ್ನೊಂದು ಮಾತು. ದೊಡ್ಡ ಪಂದ್ಯದ ದಿನ ಆಟಗಾರರ ಫೋನ್ ಒಪ್ಪಿಸಿಕೊಳ್ಳುತ್ತಾರೆ, ಫಿಕ್ಸಿಂಗ್ ತಡೆಯುವ ನಿಯಮ ಅದು. ಡ್ರೆಸ್ಸಿಂಗ್ ರೂಮಿನ ಹತ್ತಿರ ಮನೆಯವರನ್ನೂ ಬಿಡುವುದಿಲ್ಲ. ಮಗುವಿಗೆ ಜ್ವರ ಬಂದರೆ ಗಂಡನಿಗೆ ನೇರವಾಗಿ ತಿಳಿಸಲು ಆಗುವುದಿಲ್ಲ. ಹೊರಡುವ ಮುಂಚೆಯೇ ಟೀಮ್ ಮ್ಯಾನೇಜರ್ ನಂಬರ್ ತೆಗೆದುಕೊಂಡು, ಒಂದು ಸಲ ಮಾತಾಡಿ ಪರಿಚಯ ಮಾಡಿಕೊಂಡಿರಿ.